ಸಂಪಾದಕರ ಉತ್ತರ: "ಮಕ್ಕಳ ಮೈ ಮುಟ್ಟಲ್ಲ" ಅನ್ನೋ ಮಾತು ನಂಬಬೇಡಿ ಟೀಚರ್

ಟೀಚರ್, ನಮಸ್ಕಾರ.

ನಿಮ್ಮ ಪತ್ರ ಸಿಕ್ತು. ಹೆಸರು ಹಾಕಬೇಡಿ ಅಂದಿದೀರಿ, ಹಾಕಿಲ್ಲ, ಕೊಡಗಿನ ಸಿದ್ದಾಪುರ ಕಡೆಯವರು, ಶಾಲೆಯಿಂದ ರಿಟೈರ್ ಆದವರು ಅಂತ ಗೊತ್ತಾದ್ರೆ ಓದುಗರಿಗೆ ಸಾಕು. ನೀವು ಬರೆದಿದ್ದು ಇಷ್ಟು: ಪಕ್ಕದ ತೋಟದ ಲೈನ್‌ಮನೇಲಿ, ಅಂದ್ರೆ ಕೂಲಿ ಕಾರ್ಮಿಕರ ಸಾಲುಮನೇಲಿ, ಒಬ್ಬ ಹೆಂಡ್ತಿಗೆ ಹೊಡೀತಾನೆ, ಎರಡು ಸಣ್ಣ ಮಕ್ಕಳಿದಾವೆ, ಆಕೆ ಒಂದ್ಸಲ ಮಕ್ಕಳನ್ನ ಕರ್ಕೊಂಡು ತವರಿಗೆ ಹೋದ್ಳು, ದೊಡ್ಡೋರು ಕೂತು ಪಂಚಾಯ್ತಿ ಮಾಡಿ ವಾಪಸ್ ಕಳಿಸಿದ್ರು, ಆಗ ಎಲ್ಲರ ಬಾಯಲ್ಲೂ ಬಂದ ಮಾತು "ಅವ್ನು ಮಕ್ಕಳ ಮೈ ಮುಟ್ಟಲ್ಲ, ಮಕ್ಕಳಂದ್ರೆ ಪ್ರಾಣ". ಆಮೇಲೆ ಮನೆಯವರ ಕೈಯಿಂದಲೇ ಸಾಯೋ ಮಕ್ಕಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಓದಿ ನಿಮಗೆ ನಿದ್ದೆ ಬರ್ಲಿಲ್ಲ. ಇಂಥದ್ದೆಲ್ಲ ಯಾಕೆ ಹಾಕ್ತೀರಿ ಅಂತ ಬೈದಿದೀರಿ, ಅದೇ ಪತ್ರದ ಕೊನೇಲಿ ಈಗ ನಾನೇನ್ ಮಾಡ್ಲಿ ಅಂತ ಕೇಳಿದೀರಿ. ಯಾಕೆ ಹಾಕಿದ್ವಿ ಅಂದ್ರೆ ನೀವು ಈ ಪ್ರಶ್ನೆ ಕೇಳ್ಲಿ ಅಂತಲೇ. ಈಗ ವಿಷಯಕ್ಕೆ ಬರ್ತೀನಿ.

ಮೈ ಮುಟ್ಟಲ್ಲ ಅನ್ನೋ ಮಾತು ನಂಬಬೇಡಿ. ಮನೆ ಒಳಗಿನ ಹಿಂಸೆಯಲ್ಲಿ ಮಗು ಸಾಯೋಕೆ ಅಪ್ಪನಿಗೆ ಮಗು ಮೇಲೆ ಸಿಟ್ಟಿರಬೇಕು ಅಂತೇನಿಲ್ಲ. ಅಮ್ಮನ ಕಂಕುಳಲ್ಲಿರೋ ಕೂಸಿಗೆ ಅಮ್ಮನಿಗೆ ಎಸೆದಿದ್ದು ಬೀಳುತ್ತೆ, ಎಂಟು ಹತ್ತು ವರ್ಷದ ಹುಡುಗ ಅಮ್ಮನ್ನ ಬಿಡಿಸೋಕೆ ಅಡ್ಡ ಬರ್ತಾನೆ, ಬಸುರಿಯ ಹೊಟ್ಟೆಗೆ ಒದ್ರೆ ಮಗು ಹುಟ್ಟೋಕೆ ಮುಂಚೇನೇ ಹೋಗುತ್ತೆ. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಹೆಂಡ್ತಿ ಜೀವಮಾನವಿಡೀ ಅಳ್ಬೇಕು ಅಂತ ಲೆಕ್ಕ ಹಾಕಿಯೇ ಮಗುನ ಕೊಲ್ಲೋದು. 2014ರ ಫೆಬ್ರವರೀಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 11 ವರ್ಷದ ಲ್ಯೂಕ್ ಬ್ಯಾಟಿ ಅನ್ನೋ ಹುಡುಗನ್ನ ಅವನ ಅಪ್ಪ ಕ್ರಿಕೆಟ್ ಪ್ರಾಕ್ಟೀಸ್ ಮುಗಿದ ಮೇಲೆ ಮೈದಾನದಲ್ಲೇ ಕೊಂದ. ಗಂಡ ಹೆಂಡ್ತಿ ಬೇರೆ ಆಗಿ ಎಷ್ಟೋ ವರ್ಷ ಆಗಿತ್ತು. ಅಲ್ಲಿ ಇದ್ದವರಿಗೆ ಅದು ಅಪ್ಪ ಮಗ ಆಟ ಆಡ್ತಿರೋ ಹಾಗೇ ಕಂಡಿದ್ದು. ಆ ತಾಯಿ ರೋಸಿ ಬ್ಯಾಟಿ ಸುಮ್ನೆ ಕೂರ್ಲಿಲ್ಲ, ಊರೂರಲ್ಲಿ ಮಾತಾಡಿದ್ರು, ಆ ರಾಜ್ಯದ ಸರ್ಕಾರ ಆಯೋಗ ಮಾಡ್ತು, 2016ರಲ್ಲಿ 227 ಶಿಫಾರಸು ಬಂತು.

ಅಷ್ಟು ದೂರ ಯಾಕೆ. 2025ರ ಮಾರ್ಚಲ್ಲಿ ನಮ್ಮ ಪೊನ್ನಂಪೇಟೆ ತಾಲ್ಲೂಕಲ್ಲೇ ಒಂದು ಮನೇಲಿ ನಾಲ್ಕು ಜೀವ ಹೋಯ್ತಲ್ಲ, ಹೆಂಡ್ತಿ, ಮನೆಯ ಇಬ್ಬರು ಹಿರಿಯರು, ಜೊತೆಗೊಂದು ಪುಟ್ಟ ಹೆಣ್ಮಗು. ಜಿಲ್ಲೆಯೆಲ್ಲ ಒಂದು ವಾರ ಅದನ್ನೇ ಮಾತಾಡ್ತು. ಆಮೇಲೆ ಮಳೆ ಬಂತು, ಕೆಲಸ ಶುರುವಾಯ್ತು, ಮರೆತ್ವಿ.

ಒಂದು ಅಂಕಿ ಮಾತ್ರ ಹೇಳ್ತೀನಿ, ಯಾಕಂದ್ರೆ ನಮ್ ಕಡೆ ಹೀಗೆಲ್ಲ ಇಲ್ಲ ಅನ್ನೋರು ಜಾಸ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 44ರಷ್ಟು ಜನ ಗಂಡನಿಂದ ಹಿಂಸೆ ಕಂಡವರು. ದೇಶದ ಸರಾಸರಿ 29. ನಾವೇ ಎಲ್ಲರಿಗಿಂತ ಮೇಲಿದ್ದದ್ದು! ಆ ಸಮೀಕ್ಷೆ ಕೇಳಿದ್ದು ಹೆಂಗಸರನ್ನ, ಅದೇ ಮನೆಗಳಲ್ಲಿ ಮಂಚದ ಕೆಳಗೆ ಕೂತಿದ್ದ ಮಕ್ಕಳನ್ನ ಯಾರೂ ಕೇಳಿಲ್ಲ.

ಕುಡಿತಾನೇ ಕಾರಣ, ಬಾರ್ ಮುಚ್ಚಿಸಿ ಅಂತ ನೀವು ಬರೆದಿದೀರಿ. ಕುಡಿದ್ರೆ ಹೊಡೆತ ಜೋರಾಗುತ್ತೆ, ಹೌದು. ಆದ್ರೆ ಟೀಚರ್, ಅದೇ ಮನುಷ್ಯ ಕುಡಿದು ಬರೋ ದಾರೀಲಿ ತೋಟದ ರೈಟರ್‌ಗೆ, ಅಂದ್ರೆ ಲೆಕ್ಕ ಬರೆಯೋನಿಗೆ, ಹೊಡೆದಿದ್ದು ನೋಡಿದೀರಾ? ಮೇಸ್ತ್ರಿ ಕಂಡ್ರೆ ಮುಂಡು ಇಳಿಸಿ ಪಕ್ಕಕ್ಕೆ ನಿಲ್ತಾನೆ. ಯಾರಿಗೆ ಹೊಡೀಬಹುದು ಯಾರಿಗೆ ಹೊಡೀಬಾರ್ದು ಅನ್ನೋ ಬುದ್ಧಿ ಆ ಅಮಲಲ್ಲೂ ಇರುತ್ತೆ. ನಮ್ಮ ಜಿಲ್ಲೇಲಿ ಕುಡಿಯೋರು ಎಷ್ಟಿದಾರೆ ಅಂತ ನಾನು ಹೇಳ್ಬೇಕಾ, ಅವರೆಲ್ಲ ಮನೇಲಿ ಹೊಡೀತಾರಾ, ಇಲ್ವಲ್ಲ.

ಇನ್ನೊಂದು ಥರದ ಸಾವಿದೆ, ಅದರ ಬಗ್ಗೆ ಬರೆಯೋಕೆ ಕೈ ಹಿಂದೆ ಮುಂದೆ ನೋಡುತ್ತೆ. ಮಕ್ಕಳ ಜೊತೆ ತಾಯೀನೂ ಜೀವ ಕಳ್ಕೊಳ್ಳೋದು. ಪೇಪರ್‌ನಲ್ಲಿ "ಕೌಟುಂಬಿಕ ಕಲಹ" ಅಂತ ಎರಡು ಪದ ಹಾಕಿ ಮುಗಿಸ್ತಾರೆ. ಆ ಮಕ್ಕಳು ಸಾಯ್ಬೇಕು ಅಂತ ತೀರ್ಮಾನ ಮಾಡಿದವರಲ್ಲ, ಅದು ಮಕ್ಕಳ ಕೊಲೆಯೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾನು ಸತ್ರೆ ಇವನ ಕೈಲಿ ಮಕ್ಕಳ ಗತಿ ಏನು ಅಂತ ಆಕೆ ಯೋಚ್ನೆ ಮಾಡೋ ಹೊತ್ತಿಗೆ ಎಷ್ಟು ಬಾಗಿಲು ತಟ್ಟಿ ವಾಪಸ್ ಬಂದಿರ್ತಾಳೆ ಅಂತ ಯಾರೂ ಬರೆಯಲ್ಲ. ಅಂಥ ಮಾತು ಆಕೆ ಬಾಯಲ್ಲಿ ಒಂದೇ ಒಂದ್ಸಲ ಕೇಳಿದ್ರೂ ಒಬ್ಬಳನ್ನೇ ಬಿಡಬೇಡಿ, 14416ಕ್ಕೆ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫೋನ್ ಹಚ್ಚಿ ಆಕೆ ಕೈಗೆ ಕೊಡಿ.

ನೀವು 30 ವರ್ಷ ಮಕ್ಕಳ ಜೊತೆ ಇದ್ದವರು, ಬಿದ್ದ ಗಾಯ ಯಾವ್ದು ಬಿದ್ದಿದ್ದಲ್ಲ ಯಾವ್ದು ಅಂತ ನಿಮಗೆ ನಾನು ಹೇಳೋದು ಅಧಿಕಪ್ರಸಂಗ, ಆದ್ರೂ ಬೇರೆ ಓದುಗರಿಗಾಗಿ ಹೇಳ್ತೀನಿ. ಆಡೋ ಮಗು ಬಿದ್ರೆ ಮಂಡಿ, ಮೊಣಕಾಲ ಕೆಳಗೆ, ಹಣೆ ಇಲ್ಲೆಲ್ಲ ತರಚುತ್ತೆ. ನಾಲ್ಕು ವರ್ಷದೊಳಗಿನ ಮಗುವಿಗೆ ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಲ್ಲಿ ಕಂದಿದ ಗುರುತಿದ್ರೆ ಡಾಕ್ಟರ್‌ಗಳು ಅನುಮಾನ ಪಡ್ತಾರೆ. ಇನ್ನೂ ಮಗುಚದ, ನಾಲ್ಕು ತಿಂಗಳೊಳಗಿನ ಕೂಸಿನ ಮೈಲಿ ಎಲ್ಲೇ ಕಂದಿದ್ರೂ ಅನುಮಾನ ಪಡಲೇಬೇಕು, ಅದು ತಾನೇ ಎಲ್ಲಿಂದ ಬೀಳುತ್ತೆ? ಎಳೆ ಕೂಸು ಎರಡನೇ ತಿಂಗಳ ಹೊತ್ತಿಗೆ ಜಾಸ್ತಿ ಅಳುತ್ತೆ, ಸಿಟ್ಟಲ್ಲಿ ಹಿಡಿದು ಅಲ್ಲಾಡಿಸಿದ್ರೆ ಹೊರಗೆ ಒಂದು ಗೀರೂ ಇಲ್ದೇ ತಲೆ ಒಳಗೆ ರಕ್ತಸ್ರಾವ ಆಗುತ್ತೆ. ಆದ್ರೆ ನಿಮ್ಮ ಪಕ್ಕದ ಮನೆ ವಿಷ್ಯದಲ್ಲಿ ಮಗು ಮೈಲಿ ಗುರುತು ಕಾಣೋವರೆಗೆ ಕಾಯಬೇಡಿ, ಅಮ್ಮನ ಮುಖದ ಮೇಲೆ ಇದೆಯಲ್ಲ, ಅದೇ ಗುರುತು.

ಪಂಚಾಯ್ತಿ ಮಾಡಿದೋರ ಮೇಲೆ ನನಗೆ ಸಿಟ್ಟಿದೆ. ಒಕ್ಕದ (ಕೊಡವ ಮನೆತನದ) ಹಿರಿಯರಾದ ಪಟ್ಟೇದಾರರಿರ್ಲಿ, ಮೇಸ್ತ್ರಿ ಇರ್ಲಿ, ಸಂಘದ ಅಧ್ಯಕ್ಷರಿರ್ಲಿ, "ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗಮ್ಮ" ಅಂದು ಕಾಫಿ ಕುಡಿದು ಎದ್ದು ಹೋಗ್ತಾರೆ. ಆ ಮಕ್ಕಳ ಮುಖ ಅವರು ನೋಡಿದ್ರಾ? ಕೊಲ್ತೀನಿ ಅಂತ ಹೆದರಿಸಿದಾನಾ, ಕತ್ತು ಹಿಸುಕಿದಾನಾ, ಮನೇಲಿ ಕೋವಿ ಇದೆಯಾ ಅಂತ ಕೇಳಿದ್ರಾ? ನಮ್ಮ ಜಿಲ್ಲೇಲಿ ಕೊನೇ ಪ್ರಶ್ನೆ ಕೇಳ್ಲೇಬೇಕು. ಇನ್ನೊಂದು, ಹೆಂಗಸು ಬಿಟ್ಟು ಹೊರಡೋ ಹೊತ್ತು, ಹೊರಟ ಮೇಲಿನ ತಿಂಗಳುಗಳೇ ಎಲ್ಲಕ್ಕಿಂತ ಅಪಾಯ, ಅಂಥಾ ಟೈಮಲ್ಲಿ ಮಕ್ಕಳ ಸಮೇತ ಆಕೇನ ಅವನ ಕೈಗೇ ವಾಪಸ್ ಕೊಡೋದು ಯಾವ ನ್ಯಾಯ.

ಕಾನೂನಲ್ಲಿ ದಾರಿ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೇಲಿ ಮ್ಯಾಜಿಸ್ಟ್ರೇಟ್ ರಕ್ಷಣೆ ಆದೇಶ ಕೊಡಬಹುದು, ಮಕ್ಕಳನ್ನ ತಾತ್ಕಾಲಿಕವಾಗಿ ತಾಯಿ ಹತ್ರ ಬಿಡಬಹುದು, ಅಪ್ಪ ನೋಡೋಕೆ ಬಂದ್ರೆ ಮಕ್ಕಳಿಗೆ ಕೆಡುಕು ಅನ್ನಿಸಿದ್ರೆ ಭೇಟಿ ಬೇಡ ಅಂತಾನೂ ಹೇಳಬಹುದು. ಆ ಕೊನೇ ಮಾತನ್ನ ಆಕೆ ವಕೀಲರಿಗೆ ನೆನಪಿಸಬೇಕು, ತುಂಬ ಜನ ಕೇಳೋದೇ ಇಲ್ಲ. ಮಗುನ ಕೊಲ್ತೀನಿ ಅಂತ ಹೆದರಿಸೋನ ಜೊತೆ, ಅವನು ಹಾಗೆ ಮಾಡೋ ಸಾಧ್ಯತೆ ಇದ್ದಾಗ, ಇರೋ ಮಗು 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ರಕ್ಷಣೆ ಬೇಕಾದ ಮಗು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬಹುದು.

ನೀವು ಮಾಡಬೇಕಾದ್ದು: ಅವನ ಹತ್ರ ಬುದ್ಧಿ ಹೇಳೋಕೆ ಹೋಗಬೇಡಿ, ಆ ರಾತ್ರಿ ಅದರ ಬೆಲೆ ಆಕೆ ಕೊಡ್ತಾಳೆ. ಆಕೆ ಒಬ್ಬಳೇ ಸಿಕ್ಕಾಗ ಮಾತಾಡಿ, ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ ನಿಮ್ಮನೇಲಿ ಇಟ್ಕೊಳ್ಳಿ. ಹೊಡೆತದ ಸದ್ದು ಕೇಳಿದ್ರೆ ತಕ್ಷಣ 112. ಮಕ್ಕಳ ವಿಷ್ಯಕ್ಕೆ ಮಕ್ಕಳ ಸಹಾಯವಾಣಿ 1098, ಆಕೆಗೆ ಮಹಿಳಾ ಸಹಾಯವಾಣಿ 181. ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ, ಆಗ ನೇರ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೇ ಹೋಗಿ.

ಅಂಗನವಾಡಿಯವರಿಗೆ ಗೊತ್ತು, ಆಶಾ ಕಾರ್ಯಕರ್ತೆಗೂ ಗೊತ್ತು ಅಂತ ಬರೆದಿದೀರಿ, ನನಗೆ ಹೆದರಿಕೆ ಆಗೋದು ಇಲ್ಲೇ. 2000ದಲ್ಲಿ ಲಂಡನ್‌ನಲ್ಲಿ 8 ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ ಅನ್ನೋ ಹುಡುಗಿ ಮನೆಯವರ ಹಿಂಸೆಯಿಂದ ಸತ್ತಾಗ ಲಾರ್ಡ್ ಲ್ಯಾಮಿಂಗ್ ವಿಚಾರಣೇಲಿ ಗೊತ್ತಾಗಿದ್ದೇ ಇದು, ಆಸ್ಪತ್ರೆಯವರು, ಪೊಲೀಸರು, ಸಮಾಜ ಕಲ್ಯಾಣದವರು ಎಲ್ಲರ ಕಣ್ಣಿಗೂ ಆ ಮಗು ಬಿದ್ದಿತ್ತು, ಆದ್ರೂ ಯಾರೂ ಉಳಿಸ್ಲಿಲ್ಲ.

ಹೆಸರು ಹೊರಗೆ ಬರುತ್ತಾ ಅಂತ ಕೇಳಿದೀರಿ. ಫೋನ್ ಮಾಡುವಾಗ ಗುಟ್ಟಾಗಿಡಿ ಅಂತ ಹೇಳಿ. ಒಳ್ಳೇ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟೋರ ಮೇಲೆ ಕೇಸ್ ಹಾಕೋಕೆ ಆಗಲ್ಲ, ಅದೇ 2005ರ ಕಾಯ್ದೆಯ 4ನೇ ಸೆಕ್ಷನ್. ಮುಂದಿನ ಸಂಚಿಕೆಯಿಂದ ಈ ನಂಬರ್‌ಗಳನ್ನ ಎರಡನೇ ಪುಟದಲ್ಲಿ ಹಾಕ್ತೀವಿ, ಕತ್ತರಿಸಿ ಅಂಗನವಾಡಿ ಗೋಡೆಗೆ ಅಂಟಿಸಿ. ಲೈನ್‌ಮನೆ ಗೋಡೆಗೆ ಬೇಡ, ಅವನ ಕಣ್ಣಿಗೆ ಬೀಳುತ್ತೆ.

- ಸಂಪಾದಕ