ಏಜೆಂಟ್ ಓದುವ ಟೂಲ್ ವಿವರಣೆಯನ್ನು ಹೇಗೆ ಬರೆಯಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಸಗಟು ವ್ಯಾಪಾರಿಗಳಿಗಾಗಿ ಆರ್ಡರ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್ ರೂಪಿಸುವ ಸಣ್ಣ ತಂಡದವರು. ಇತ್ತೀಚೆಗೆ ಅದರ ಕೆಲವು ಸೌಲಭ್ಯಗಳನ್ನು ಎಂಸಿಪಿ (ಎಐ ಮಾಡೆಲ್‌ಗಳನ್ನು ಹೊರಗಿನ ಸಾಫ್ಟ್‌ವೇರ್‌ಗೆ ಜೋಡಿಸುವ ಮುಕ್ತ ನಿಯಮಾವಳಿ) ಸರ್ವರ್ ಮೂಲಕ, ಕರೆದು ಬಳಸಬಹುದಾದ ‘ಟೂಲ್’ಗಳಾಗಿ ಎಐ ಏಜೆಂಟ್‌ಗೆ ಒದಗಿಸಿದ್ದು, ಡೆವಲಪರ್‌ಗಳಿಗೆಂದು ಬರೆದಿದ್ದ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಬಳಸುವ ವಿಧಾನ) ದಾಖಲೆಯನ್ನೇ ಟೂಲ್‌ಗಳ ವಿವರಣೆಯಾಗಿ ಬಳಸಿದ್ದೇವೆ. ಆದರೆ ಹಣ ಹಿಂದಿರುಗಿಸಬೇಕಾದಲ್ಲಿ ಏಜೆಂಟ್ ಆರ್ಡರನ್ನೇ ರದ್ದು ಮಾಡುತ್ತದೆ. ಮೊತ್ತ, ದಿನಾಂಕಗಳೂ ತಪ್ಪಾಗಿ ಹೋಗುತ್ತವೆ. ಮಾಡೆಲ್ ಬದಲಿಸಬೇಕೇ? ಗ್ರಾಹಕರು ಕನ್ನಡದಲ್ಲಿ ಕೇಳುವುದರಿಂದ ವಿವರಣೆಯೂ ಕನ್ನಡದಲ್ಲಿರಬೇಕೇ?

ಉತ್ತರ: ಮಾಡೆಲ್ ಬದಲಿಸುವ ಮೊದಲು ವಿವರಣೆಯನ್ನು ತಿದ್ದಿ ನೋಡಿ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಯ ಜೇಸನ್ ಸ್ಕೀಮಾ (ಯಾವ ಫೀಲ್ಡಿನಲ್ಲಿ ಯಾವ ಬಗೆಯ ಮೌಲ್ಯ ಬರಬೇಕೆಂಬ ನಮೂನೆ) ಇರುತ್ತವೆ. ಯಾವ ಟೂಲನ್ನು ಯಾವಾಗ ಕರೆಯಬೇಕೆಂದು ಮಾಡೆಲ್ ನಿರ್ಧರಿಸುವುದು ಮುಖ್ಯವಾಗಿ ಈ ಮೂರನ್ನು ಓದಿಯೇ. ಅವುಗಳ ಹಿಂದಿರುವ ನಿಮ್ಮ ಕೋಡ್ ಅದರ ಕಣ್ಣಿಗೆ ಬೀಳುವುದಿಲ್ಲ. ಡೆವಲಪರ್ ಆದರೆ ಅನುಮಾನ ಬಂದಾಗ ಪಕ್ಕದ ಮೇಜಿನವರನ್ನು ಕೇಳುತ್ತಾರೆ, ಹಳೆಯ ಕೋಡ್ ತೆರೆದು ನೋಡುತ್ತಾರೆ, ಟೆಸ್ಟ್ ಖಾತೆಯಲ್ಲಿ ಒಮ್ಮೆ ಪ್ರಯೋಗಿಸುತ್ತಾರೆ. ಏಜೆಂಟ್ ಮಾತ್ರ ಬರೆಯದೆ ಬಿಟ್ಟದ್ದನ್ನು ಅನೇಕ ಬಾರಿ ಊಹೆಯಿಂದ ತುಂಬಿಕೊಂಡು ಮುಂದುವರಿಯುತ್ತದೆ, ಆ ಊಹೆಯ ಫಲ ನೇರವಾಗಿ ವ್ಯಾಪಾರಿಯ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ.

‘ಕ್ಯಾನ್ಸಲ್ ಆರ್ಡರ್’ ಟೂಲ್‌ಗೆ ‘ಆರ್ಡರನ್ನು ರದ್ದು ಮಾಡುತ್ತದೆ’ ಎಂದಷ್ಟೇ ಬರೆದಿದ್ದರೆ ಅದು ಹೆಸರನ್ನೇ ಮತ್ತೊಮ್ಮೆ ಹೇಳಿದಂತೆ. ಅದರ ಬದಲು ಹೀಗೆ ಬರೆದು ನೋಡಿ: ‘ಗೋದಾಮಿನಿಂದ ಇನ್ನೂ ಹೊರಡದ ಆರ್ಡರನ್ನು ಪೂರ್ತಿಯಾಗಿ ರದ್ದು ಮಾಡುತ್ತದೆ. ಮಾಲು ತಲುಪಿದ ಮೇಲೆ ಹಣ ಹಿಂದಿರುಗಿಸಲು ಇದನ್ನು ಬಳಸಬೇಡಿ; ಅದಕ್ಕೆ ರಿಫಂಡ್ ಪೇಮೆಂಟ್ ಬಳಸಿ. ರದ್ದಾದ ಆರ್ಡರನ್ನು ಮತ್ತೆ ತೆರೆಯಲಾಗದು. ಆರ್ಡರ್ ಸಂಖ್ಯೆ ತಿಳಿಯದಿದ್ದರೆ ಮೊದಲು ಸರ್ಚ್ ಆರ್ಡರ್ ಕರೆಯಿರಿ.’ ಒಂದನ್ನೊಂದು ಹೋಲುವ ಟೂಲ್‌ಗಳಿರುವಲ್ಲಿ ‘ಯಾವಾಗ ಬಳಸಬಾರದು’ ಎಂಬ ವಾಕ್ಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಂಸಿಪಿಯಲ್ಲಿ ಇಂಥ ಟೂಲನ್ನು ಹಾನಿ ಮಾಡಬಲ್ಲದ್ದೆಂದು ಗುರುತಿಸುವ ‘ಡಿಸ್ಟ್ರಕ್ಟಿವ್ ಹಿಂಟ್’ ಎಂಬ ಸೌಲಭ್ಯವೂ ಇದೆ. ಆದರೆ ಅದು ಸೂಚನೆ ಮಾತ್ರ, ಬೀಗವಲ್ಲ. ಮಾಲು ಹೊರಟಿದೆಯೇ ಎಂಬ ತಪಾಸಣೆ ನಿಮ್ಮ ಸರ್ವರ್‌ನಲ್ಲೇ ಇರಬೇಕು.

ಮೊತ್ತದ ವಿಚಾರದಲ್ಲಿ ಮಾಡೆಲನ್ನು ದೂರುವುದು ಅಷ್ಟು ನ್ಯಾಯವಲ್ಲ. ರೇಜರ್‌ಪೇಯಂತಹ ಪಾವತಿ ಸೇವೆಗಳ ಎಪಿಐಗೆ ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು, ಅಂದರೆ 500 ರೂಪಾಯಿಗೆ 50000 ಎಂದು ಬರೆಯಬೇಕು. ನಿಮ್ಮ ಲೆಕ್ಕಪತ್ರದ ಭಾಗ ಬಹುಶಃ ರೂಪಾಯಿಯಲ್ಲಿದೆ. ಎರಡೂ ಕಡೆ ಬರೀ ‘ಅಮೌಂಟ್’ ಎಂದಿದ್ದರೆ ತಪ್ಪಾಗದಿದ್ದರೇ ಆಶ್ಚರ್ಯ. ಫೀಲ್ಡಿನ ಹೆಸರಿನಲ್ಲೇ ಪೈಸೆ ಅಥವಾ ರೂಪಾಯಿ ಎಂದು ಸೇರಿಸಿ, ವಿವರಣೆಯಲ್ಲಿ ಒಂದು ಉದಾಹರಣೆ ಕೊಡಿ. 03/04/2025 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಆದ್ದರಿಂದ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 8601 ಪ್ರಕಾರ 2025-04-03 ಎಂಬ ರೂಪವನ್ನೇ ಕಡ್ಡಾಯಗೊಳಿಸಿ, ಭಾರತೀಯ ಕಾಲಮಾನವೆಂದು ನಮೂದಿಸಿ. ‘ನಾಳೆ ಕಳಿಸಿ’ ಎನ್ನುವ ಗ್ರಾಹಕರಿರುವುದರಿಂದ ಇಂದಿನ ದಿನಾಂಕವೂ ಏಜೆಂಟ್‌ಗೆ ತಿಳಿದಿರಬೇಕು.

ಎಷ್ಟೇ ಬರೆದರೂ ನಿಲ್ಲದ ತಪ್ಪಿಗೆ ಮದ್ದು ಟೂಲಿನ ರೂಪದಲ್ಲೇ ಇರುತ್ತದೆ. ಆಂಥ್ರೊಪಿಕ್‌ನ ಕೋಡಿಂಗ್ ಏಜೆಂಟ್ ಮೂಲ ಫೋಲ್ಡರಿನಿಂದ ಬೇರೆಡೆಗೆ ಹೋದ ಮೇಲೆ ಸಾಪೇಕ್ಷ ಫೈಲ್ ವಿಳಾಸಗಳನ್ನು (ಆಗ ಇರುವ ಫೋಲ್ಡರಿನಿಂದ ಲೆಕ್ಕ ಹಾಕುವ ವಿಳಾಸಗಳನ್ನು) ಬಳಸಿ ಎಡವುತ್ತಿತ್ತು. ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಟೂಲನ್ನು ಬದಲಿಸಿದಾಗ ಆ ತೊಂದರೆ ನೀಗಿತು. ನೀವೂ ಆರ್ಡರಿನ ಸ್ಥಿತಿಯನ್ನು ಮನಬಂದಂತೆ ಬರೆಯಲು ಬಿಡದೆ, ಸ್ಕೀಮಾದಲ್ಲಿ ನಿಗದಿತ ಆಯ್ಕೆಗಳ ಪಟ್ಟಿಯನ್ನು ಕೊಡಿ. ಕರೆ ವಿಫಲವಾದಾಗ ‘ಎರರ್ 400’ (ಕೋರಿಕೆ ಸರಿಯಿಲ್ಲ ಎಂಬ ಸಂಕೇತ) ಎಂದಷ್ಟೇ ಹಿಂದಿರುಗಿಸಿದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡಬಹುದು. ‘ಈ ಆರ್ಡರ್ ಈಗಾಗಲೇ ರವಾನೆಯಾಗಿದೆ, ರಿಫಂಡ್ ಪೇಮೆಂಟ್ ಬಳಸಿ’ ಎಂದರೆ ದಾರಿ ಬದಲಿಸಲು ಅದಕ್ಕೆ ಆಧಾರ ಸಿಗುತ್ತದೆ.

ಹಾಗೆಂದು ಇಡೀ ಕೈಪಿಡಿಯನ್ನು ತುಂಬಬೇಡಿ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಒಟ್ಟಿಗೆ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ (ಅದು ಒಮ್ಮೆಗೆ ಓದಬಲ್ಲ ಸೀಮಿತ ಪಠ್ಯದಲ್ಲಿ) ಜಾಗ ಹಿಡಿಯುತ್ತದೆ. ಹಳೆಯ ಆವೃತ್ತಿಗಳ ಇತಿಹಾಸವನ್ನೂ ‘ಸರಳ ಹಾಗೂ ಶಕ್ತಿಶಾಲಿ’ ಎಂಬ ಮಾರಾಟದ ಮಾತನ್ನೂ ತೆಗೆದುಹಾಕಿ (ಅವು ಡೆವಲಪರ್‌ಗಳಿಗೂ ಬೇಕಿರಲಿಲ್ಲ).

ಭಾಷೆಯ ಬಗ್ಗೆ: ವಿವರಣೆ ಇಂಗ್ಲಿಷಿನಲ್ಲೇ ಇದ್ದರೂ ಇಂದಿನ ದೊಡ್ಡ ಮಾಡೆಲ್‌ಗಳು ಕನ್ನಡದ ಕೋರಿಕೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಲ್ಲವು, ಅದೇ ವಿಷಯವನ್ನು ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ. ಆದರೆ ನಿಮ್ಮ ವ್ಯಾಪಾರಿಗಳು ನಿತ್ಯ ಬಳಸುವ ಉದ್ರಿ, ಜಮಾ, ಹಿಂದಿನ ಬಾಕಿ ಇವು ಯಾವ ಫೀಲ್ಡಿಗೆ ಸಂಬಂಧಿಸಿವೆ ಎಂಬುದನ್ನು ವಿವರಣೆಯಲ್ಲಿ ಕನ್ನಡದಲ್ಲೇ ನಮೂದಿಸಿ. ಗ್ರಾಹಕರು ನಿಜವಾಗಿ ಕೇಳಿದ ವಾಕ್ಯಗಳನ್ನು, ವೈಯಕ್ತಿಕ ವಿವರಗಳನ್ನು ತೆಗೆದು, ಸಂಗ್ರಹಿಸಿಟ್ಟುಕೊಳ್ಳಿ. ವಿವರಣೆಯಲ್ಲಿ ಒಂದು ಸಾಲು ಬದಲಿಸಿದಾಗಲೂ ಅವುಗಳನ್ನು ಟೆಸ್ಟ್ ಖಾತೆಯಲ್ಲಿ ಮತ್ತೆ ಓಡಿಸಿ, ಏಜೆಂಟ್ ಯಾವ ಟೂಲನ್ನು ಯಾವ ಮೌಲ್ಯಗಳೊಂದಿಗೆ ಕರೆಯಿತೆಂದು ಲಾಗ್‌ನಲ್ಲಿ ಪರಿಶೀಲಿಸಿ.