ಬ್ರೆಡ್ ಮಷೀನಿನಲ್ಲಿ ಸೋರ್‌ಡೋ ಬ್ರೆಡ್ ಮಾಡುವಾಗ ನೀರಿನ ಬದಲು ಬಿಯರ್ ಹಾಕಬಹುದೇ?

ಧಾರಾಳವಾಗಿ ಹಾಕಬಹುದು. ಆದರೆ ಬಿಯರಿನಿಂದ ಬರುವುದು ರುಚಿ, ಬಣ್ಣ ಅಷ್ಟೆ. ಹಿಟ್ಟನ್ನು ಉಬ್ಬಿಸಬೇಕಾದದ್ದು ನಿಮ್ಮ ಸ್ಟಾರ್ಟರ್, ಅಂದರೆ ಹುಳಿ ಬರಿಸಿಟ್ಟ ಹಿಟ್ಟಿನ ಹೆಪ್ಪು. ಅಂಗಡಿಯ ಬಹುತೇಕ ಬಿಯರನ್ನು ಸೋಸಿ, ಬಿಸಿ ಮಾಡಿರುತ್ತಾರೆ. ಅದರಲ್ಲಿ ಜೀವಂತ ಯೀಸ್ಟ್ ಉಳಿದಿರುವುದಿಲ್ಲ. ಮೇಲಾಗಿ ಅದರ ಆಲ್ಕೋಹಾಲ್ ಯೀಸ್ಟನ್ನೂ, ಕಹಿಗೆಂದು ಹಾಕುವ ಹಾಪ್ಸ್ ಹೂವು ಹುಳಿ ತರುವ ಬ್ಯಾಕ್ಟೀರಿಯಾವನ್ನೂ ತುಸು ತಡೆಯುತ್ತವೆ. ಹಾಗಾಗಿ ಹಿಟ್ಟು ನಿಧಾನವಾಗಿ ಏಳುತ್ತದೆ.

ಮಷೀನಿಗೆ ಅಷ್ಟು ತಾಳ್ಮೆಯಿಲ್ಲ. ಸಾಮಾನ್ಯ ಪ್ರೋಗ್ರಾಂ ಬೇಯಿಸುವುದೂ ಸೇರಿ 3–4 ಗಂಟೆಯಲ್ಲಿ ಮುಗಿಯುತ್ತದೆ, ಬ್ರೆಡ್ಡು ಇಟ್ಟಿಗೆಯಾಗುತ್ತದೆ. ನಾನು ‘ಡೋ’ ಪ್ರೋಗ್ರಾಂನಲ್ಲಿ ನಾದಿಸಿ, ಮಷೀನ್ ಆಫ್ ಮಾಡಿ, ಹಿಟ್ಟು ಸುಮಾರು ಎರಡು ಪಟ್ಟಾಗುವವರೆಗೆ ಅಲ್ಲೇ ಬಿಡುತ್ತೇನೆ. ಗಡಿಯಾರ ನೋಡುವುದಿಲ್ಲ, ಹಿಟ್ಟು ನೋಡುತ್ತೇನೆ. ಆಮೇಲೆ ‘ಬೇಕ್’ ಒತ್ತುವುದು.

500 ಗ್ರಾಂ ಮೈದಾಕ್ಕೆ 100 ಗ್ರಾಂ ಸ್ಟಾರ್ಟರ್, 280 ಮಿ.ಲೀ. ಬಿಯರ್, 10 ಗ್ರಾಂ ಉಪ್ಪು ಸಾಕು. ಬಿಯರನ್ನು ಮೊದಲೇ ಪಾತ್ರೆಗೆ ಸುರಿದು ನೊರೆ ಇಳಿಸಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಕಹಿ ಜಾಸ್ತಿಯಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ಬೇಡವೇ ಬೇಡ. ಸ್ಟೌಟ್‌ನಂಥ ಕಪ್ಪು ಬಿಯರ್ ಹಾಕಿದರೆ ಹುರಿದ ಧಾನ್ಯದ ಘಮ ಬರುತ್ತದೆ.