ಕ್ರೈಸ್ತ ಸಂಸ್ಥೆಯ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ತರಬೇತಿ ಅಂದರೆ ಭಾಷಣ ಮಾತ್ರ ಸಿಗುತ್ತಿದೆ. ನಿಜವಾಗಿ ಕಲಿಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷಗಳು ನೆನಪಾದವು. ಮಂಗಳೂರಿನ ಹತ್ತಿರ ಮೂರು ವರ್ಷದಿಂದ ಪಾಠ ಮಾಡುತ್ತಿದ್ದೀರಿ. ಮೇ ಕೊನೆಯಲ್ಲಿ ಒಂದು ದಿನ ಹಾಲ್‌ನಲ್ಲಿ ಕೂರಿಸಿ ಭಾಷಣ ಕೇಳಿಸುತ್ತಾರೆ, ಊಟ ಆಗುತ್ತದೆ, ಸರ್ಟಿಫಿಕೇಟ್ ಕೊಡುತ್ತಾರೆ, ಜೂನ್‌ನಲ್ಲಿ ಎಲ್ಲ ಹಾಗೇ ಇರುತ್ತದೆ ಅಂದಿದ್ದೀರಿ. ಜೊತೆಗೆ, ನಾನು ಕ್ರೈಸ್ತಳಲ್ಲ, ಅವರ ಮೌಲ್ಯ ಶಿಕ್ಷಣದ ತರಬೇತಿಯಲ್ಲಿ ನನಗೇನಿದೆ ಅಂತಲೂ ಕೇಳಿದ್ದೀರಿ.

ನಾನು ದಕ್ಷಿಣ ಕನ್ನಡದಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ 22 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನಾನೂ ಕ್ರೈಸ್ತಳಲ್ಲ. ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ನಿಜವಾಗಿ ಬದಲಾಯಿಸಿದ್ದು ಒಂದೇ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಟೀಚರ್ ಬಂದು ಕೂತಿದ್ದು.

ಅದು ನನ್ನ ನಾಲ್ಕನೇ ವರ್ಷ. ಆರನೇ ತರಗತಿಗೆ ಭಿನ್ನರಾಶಿ ಮಾಡುತ್ತಿದ್ದೆ. ಆಗಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಂದು ನೋಟ್‌ಬುಕ್ ಹಿಡಿದು ಹಿಂದೆ ಕೂತರು. ನನಗೆ ಕೈ ನಡುಗುತ್ತಿತ್ತು. ಪಾಠ ಮುಗಿದ ಮೇಲೆ ಅವರು ಚೆನ್ನಾಗಿತ್ತು ಅನ್ನಲಿಲ್ಲ, ಚೆನ್ನಾಗಿರಲಿಲ್ಲ ಅಂತಲೂ ಅನ್ನಲಿಲ್ಲ. ನೋಟ್‌ಬುಕ್ ತೆರೆದು ತೋರಿಸಿದರು. ಅದರಲ್ಲಿ ಬೆಂಚುಗಳ ಚಿತ್ರ ಬರೆದು, ನಾನು ಯಾರನ್ನು ಪ್ರಶ್ನೆ ಕೇಳಿದೆನೋ ಆ ಜಾಗಕ್ಕೆಲ್ಲ ಒಂದೊಂದು ಗೆರೆ ಹಾಕಿದ್ದರು. ತರಗತಿಯಲ್ಲಿ 34 ಮಕ್ಕಳು. ಗೆರೆ ಇದ್ದಿದ್ದು ಒಂಬತ್ತು ಮಕ್ಕಳ ಜಾಗದಲ್ಲಿ ಮಾತ್ರ. ಅವರಲ್ಲಿ ಏಳು ಮಕ್ಕಳು ಮುಂದಿನ ಎರಡು ಸಾಲಿನವರು. ಬಾಗಿಲ ಕಡೆಯ ಮೂಲೆ ಪೂರ್ತಿ ಖಾಲಿ.

ಎಲ್ಲರನ್ನೂ ಮಾತಾಡಿಸುತ್ತೇನೆ ಅಂತಲೇ ನಾನು ನಂಬಿದ್ದೆ. ಅದು ತಪ್ಪು ಅಂತ ನನಗೆ ಯಾವ ಭಾಷಣವೂ ತಿಳಿಸಿರಲಿಲ್ಲ.

ಮರುದಿನ ಸಿಸ್ಟರ್ ತಮ್ಮ ತರಗತಿಗೆ ನನ್ನನ್ನು ಕರೆದು ಅದೇ ಕೆಲಸ ನನ್ನ ಕೈಲಿ ಮಾಡಿಸಿದರು. ಇದು ತುಂಬಾ ಮುಖ್ಯ. ಒಬ್ಬರೇ ನೋಡಿದರೆ ಅದು ತಪಾಸಣೆ ಆಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರೆ ಹೆದರಿಕೆ ಹೋಗುತ್ತದೆ. ನೋಡುವವರಿಗೂ ಮೊದಲೇ ಒಂದೇ ಒಂದು ಕೆಲಸ ಕೊಡಿ: ಯಾರನ್ನು ಕೇಳಿದೆ, ಅಥವಾ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದೆ. ಒಟ್ಟಾರೆ ಹೇಗಿತ್ತು ಅಂತ ಕೇಳಿದರೆ ಸುಮ್ನೆ ಹೊಗಳಿ ಕಳಿಸುತ್ತಾರೆ.

ನಮ್ಮಲ್ಲಿ ಆಮೇಲೆ ಶುರುವಾದ ಇನ್ನೊಂದು ರೂಢಿ ತಪ್ಪು ಉತ್ತರಗಳದ್ದು. ತಿಂಗಳಿಗೊಂದು ಶನಿವಾರ, ಮಕ್ಕಳು ಹೋದ ಮೇಲೆ, ಸ್ಟಾಫ್ ರೂಮಿನ ಮೇಜಿನ ಮೇಲೆ ಮಕ್ಕಳ ಹತ್ತು ತಪ್ಪು ಉತ್ತರ ಇಡುತ್ತೇವೆ. ಹೆಸರು ಇರುವುದಿಲ್ಲ. ಒಮ್ಮೆ ಬಂದಿದ್ದು 403ರಲ್ಲಿ 128 ಕಳೆದರೆ 325. ಅಜಾಗರೂಕತೆ ಅಂತ ಕೆಂಪು ಗೆರೆ ಎಳೆದು ಬಿಡಬಹುದಿತ್ತು. ಆದರೆ ನೋಡಿ, ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 8ರಲ್ಲಿ 3, ಐದು. 2ರಲ್ಲಿ ಸೊನ್ನೆ, ಎರಡು. 4ರಲ್ಲಿ 1, ಮೂರು. ಅದಕ್ಕೆ ಅದರದ್ದೇ ನಿಯಮ ಇತ್ತು, ಅದನ್ನು ಎಲ್ಲೂ ಬಿಡದೆ ಪಾಲಿಸಿತ್ತು. ಮೂರನೇ ತರಗತಿಯ ಟೀಚರ್ ಆಗ ಹೇಳಿದರು: ಪಕ್ಕದ ಮನೆಯಿಂದ ಹತ್ತು ಸಾಲ ತಗೋ ಅಂತ ನಾವು ಹೇಳಿಕೊಡುತ್ತೇವಲ್ಲ, ಒಬ್ಬ ಹುಡುಗ ವಾಪಸ್ ಕೊಡುವುದು ಯಾವಾಗ ಅಂತ ಕೇಳಿದ. ಆ ಸಾಲ ಅನ್ನುವ ಮಾತನ್ನು ಅವತ್ತೇ ಬಿಟ್ಟೆವು. ಈಗ ಕಡ್ಡಿಯ ಕಟ್ಟು ಬಿಚ್ಚುತ್ತೇವೆ. ನೂರರ ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು, ಅದರಲ್ಲೊಂದು ಬಿಚ್ಚಿದರೆ ಹತ್ತು ಬಿಡಿ ಕಡ್ಡಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿಗೆ ಮಾತಿಗಿಂತ ಕಡ್ಡಿ ಬೇಗ ಅರ್ಥವಾಗುತ್ತದೆ. ಆ ಒಂದು ಗಂಟೆಯಲ್ಲಿ ಕಲಿತಷ್ಟು ಯಾವ ಪುನಶ್ಚೇತನ ಶಿಬಿರದಲ್ಲೂ ನಾನು ಕಲಿತಿಲ್ಲ.

ಇನ್ನು ನೀವು ಕ್ರೈಸ್ತರಲ್ಲ ಅನ್ನುವ ವಿಷಯ. ಬೇರೆಯವರ ಪ್ರಾರ್ಥನೆಯ ನಡುವೆ ಕೈ ಕಟ್ಟಿ ನಿಲ್ಲುವಾಗ ಆಗುವ ಮುಜುಗರ ನನಗೆ ಗೊತ್ತು. ಆದರೆ ಅಲ್ಲಿಂದಲೇ ನನಗೆ ಒಂದು ಒಳ್ಳೆಯ ಅಭ್ಯಾಸ ಸಿಕ್ಕಿತು. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಗುರುಗಳ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ದಿನವನ್ನು ಹಿಂತಿರುಗಿ ನೋಡುವ ಒಂದು ಧ್ಯಾನ ಕಲಿಸಿದ್ದರು: ಏನು ಸಿಕ್ಕಿತು, ಎಲ್ಲಿ ಎಡವಿದೆ, ನಾಳೆ ಏನು ಮಾಡಲಿ. ಜೆಸ್ವಿಟರು 1993ರಲ್ಲಿ ತಮ್ಮ ಶಾಲೆಗಳ ಶಿಕ್ಷಕರಿಗೆ ಒಂದು ಕೈಪಿಡಿ ಹೊರಡಿಸಿದಾಗಲೂ ಅನುಭವದ ಮೇಲೆ ಮನನ ಮಾಡುವುದನ್ನೇ ನಡುವೆ ಇಟ್ಟರು. ಒಂದು ಶಿಬಿರದಲ್ಲಿ ಒಬ್ಬ ಫಾದರ್ ಇದನ್ನು ಹೇಳಿಕೊಟ್ಟರು. ನಾನು ದೇವರ ಹೆಸರನ್ನು ನನ್ನ ರೀತಿಯಲ್ಲಿ ಹೇಳಿಕೊಂಡು, ಕೊನೆಯ ಗಂಟೆ ಹೊಡೆದ ಮೇಲೆ ಡೈರಿಯಲ್ಲಿ ಮೂರು ಸಾಲು ಬರೆಯುತ್ತೇನೆ. ಇವತ್ತು ಯಾವ ಮಗುವಿನ ಮುಖ ನೆನಪಿಗೆ ಬರುತ್ತಿಲ್ಲ ಅನ್ನುವುದು ಅದರಲ್ಲಿ ಒಂದು.

ಕರಾವಳಿಯಲ್ಲಿ ಈ ಶಾಲೆಗಳ ಕಥೆ ಶುರುವಾದದ್ದೂ ಕಲಿಯುವುದರಿಂದಲೇ ಅಲ್ವಾ? 1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮೊದಲು ಊರಿನವರ ಹತ್ತಿರ ಕೂತು ಭಾಷೆ ಕಲಿಯಬೇಕಾಯಿತು. 1843ರಲ್ಲಿ ಆ ಮಿಷನ್‌ನ ಮೋಗ್ಲಿಂಗ್ ಅವರ ಮಂಗಳೂರು ಸಮಾಚಾರ ಪತ್ರಿಕೆ, 1894ರಲ್ಲಿ ಅದೇ ಮಿಷನ್‌ನ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು ಹಾಗೆ ಕಲಿತದ್ದರಿಂದ. ಅವರಿಗೆ ಕಲಿಸಿದವರಲ್ಲಿ ಎಷ್ಟೋ ಮಂದಿ ಕ್ರೈಸ್ತರಲ್ಲ. ಹಾಗಾಗಿ ನಿಮ್ಮ ಶಾಲೆಯಲ್ಲಿ ನೀವು ಹೊರಗಿನವರು ಅಂದುಕೊಳ್ಳಬೇಡಿ.

ಸರ್ಕಾರದ ಕಡೆಯ ತರಬೇತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ಕಲಿಕೆ ಇರಬೇಕು ಅನ್ನುತ್ತದೆ. ಶಾಲೆಯ ಆಡಳಿತ ನೋಡಿಕೊಳ್ಳುವ ಸಂಚಾಲಕರ ಹತ್ತಿರ ಮಾತಾಡುವಾಗ ಇದನ್ನು ಹೇಳಿ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಕನ್ನಡದಲ್ಲೂ ಉಚಿತ ಕೋರ್ಸ್‌ಗಳಿವೆ, ವಿಷಯ ಜ್ಞಾನಕ್ಕೆ ಪರವಾಗಿಲ್ಲ. ನಿಮ್ಮ ಸಂಬಳ ಆಡಳಿತ ಮಂಡಳಿಯಿಂದ ಬರುತ್ತಿದ್ದರೆ ಇಲಾಖೆಯ ತರಬೇತಿಗೆ ಕರೆ ಬರುವುದು ಕಡಿಮೆ. ನಮ್ಮಲ್ಲಿ ಹಾಗೆ ಸಂಬಳ ಪಡೆಯುವ ಗೌರವ ಶಿಕ್ಷಕಿಯರಿಗೆ ಹೀಗೇ ಆಗುತ್ತದೆ, ಅದು ನನಗೆ ಬಹಳ ಬೇಸರದ ವಿಷಯ. ಕಡಿಮೆ ಸಂಬಳಕ್ಕೆ ಜಾಸ್ತಿ ದುಡಿಯುವವರು ಅವರೇ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಹತ್ತಿರದ ಶಾಲೆಗಳ ಗುಂಪಿಗೆ, ನಡೆಯುವ ಶಿಕ್ಷಕರ ಸಮಾಲೋಚನಾ ಸಭೆಗೆ ಬರಬಹುದಾ ಅಂತ ಆ ಗುಂಪನ್ನು ನೋಡಿಕೊಳ್ಳುವ ಸಿ.ಆರ್.ಪಿ.ಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ ನೋಡಿ. ನಮ್ಮ ಕಡೆ ಕೇಳಿದವರಿಗೆ ಬೇಡ ಅಂದಿಲ್ಲ.

ನಿಮ್ಮ ಸಂಸ್ಥೆಗೆ ಸೇರಿದ ಬೇರೆ ಶಾಲೆಗಳೂ ಇರುತ್ತವೆ. ನಮ್ಮ ಪರಿಚಯದವರೊಬ್ಬರು ತಮ್ಮದೇ ಸಂಸ್ಥೆಯ ಇನ್ನೊಂದು ಶಾಲೆಯಲ್ಲಿ ಎರಡು ದಿನ ಪಾಠ ನೋಡಿ ಬಂದರು. ಖರ್ಚು ಬಸ್ ಚಾರ್ಜ್ ಅಷ್ಟೇ.

ಒಂದು ಎಚ್ಚರಿಕೆ. ಸಿಸ್ಟರ್‌ಗಳಿಗೆ, ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ನಮ್ಮ ಆ ಸಿಸ್ಟರ್ ಹೋದ ಮೇಲೆ ಎರಡು ವರ್ಷ ಹಿಂದಿನ ಬೆಂಚು ಖಾಲಿಯೇ ಇತ್ತು. ಹೊಸಬರಿಗೆ ಅದು ಗೊತ್ತೇ ಇರಲಿಲ್ಲ, ನಾವೂ ಹೇಳಲಿಲ್ಲ. ಆಮೇಲೆ ಸಿಬ್ಬಂದಿ ಸಭೆಯ ನಿರ್ಣಯ ಪುಸ್ತಕದಲ್ಲಿ ಬರೆಸಿದೆವು: ತಿಂಗಳಿಗೊಮ್ಮೆ ಪರಸ್ಪರ ಪಾಠ ವೀಕ್ಷಣೆ, ಟೈಮ್ ಟೇಬಲ್‌ನಲ್ಲೇ ಜಾಗ. ಆಮೇಲೆ ಮೂವರು ಮುಖ್ಯಸ್ಥರು ಬಂದು ಹೋದರು, ಅದು ನಿಂತಿಲ್ಲ. ನೀವೂ ಮೊದಲ ದಿನವೇ ಬರೆಸಿಬಿಡಿ.

ಜೂನ್‌ವರೆಗೆ ಕಾಯಬೇಡಿ. ನಿಮ್ಮ ಜೊತೆ ಡಬ್ಬಿ ಹಂಚಿಕೊಂಡು ಊಟ ಮಾಡುವ ಟೀಚರ್ ಒಬ್ಬರು ಇರುತ್ತಾರಲ್ಲ, ಈ ವಾರ ಅವರ ಬಿಡುವಿನ ಪೀರಿಯಡ್‌ನಲ್ಲಿ ಬರಲು ಹೇಳಿ. ನಿಮಗೆ ಸಲೀಸಾದ ಪಾಠ ತೋರಿಸಬೇಡಿ, ಮಕ್ಕಳು ಪ್ರತಿ ವರ್ಷ ತಡವರಿಸುವ ಪಾಠವನ್ನೇ ತೋರಿಸಿ.